ಬಣ್ಣಗಳಿಂದ ಕಣ್ಣಿನ ಪಾಠ

ಬಾಯಿಪಾಠ ಮಾಡಿದುದನ್ನು ಮಗು ಮರೆಯಬಹುದು. ಕೈಯಾರೆ ಮಾಡಿದುದನ್ನು ಬೇಗನೆ ಮರೆಯದು. ಕಳೆದ ಬೇಸಿಗೆಯ ರಜೆಯಲ್ಲಿ ನಾವು ಓಣಿಯ ಮಕ್ಕಳನ್ನು ಪಡಸಾಲೆಯಲ್ಲಿ ಕುಳ್ಳಿರಿಸಿ, ನಡುವೆ ಸೀಳಿದ ಕಣ್ಣುಗುಡ್ಡೆಯ ಚಿತ್ರವನ್ನು ಬರೆದುಕೊಟ್ಟು ಬಣ್ಣ ತುಂಬಲು ಹೇಳಿದೆವು.

ಹೊರಗಿನ ಬಿಳಿಯ ಕವಚವನ್ನು ಹಾಗೆಯೇ ಬಿಡಿಸಿದೆವು. ಒಳಗೆ ಹಿಂಬದಿಯಲ್ಲಿ ಹರಡಿರುವ ಅಕ್ಷಿಪಟಲಕ್ಕೆ ಕಿತ್ತಳೆ, ಅಲ್ಲಿ ಮೂಡಿದ ಬಿಂಬದ ಸುದ್ದಿಯನ್ನು ಮಿದುಳಿಗೆ ಒಯ್ಯುವ ದೃಷ್ಟಿನರಕ್ಕೆ ಹಳದಿ, ಪಾಪೆಯ ಸುತ್ತಲಿನ ವರ್ಣಪಟಲಕ್ಕೆ ಕಂದು. "ಪಾಪೆಗೆ ಕರೀ ಬಣ್ಣ ಹಚ್ಚಲೇನ್ರೀ ಅಜ್ಜಾರ?" ಎಂದು ಬಾಲಕನೊಬ್ಬ ಕೇಳಿದ. ಪಾಪೆಯು ವಸ್ತುವಲ್ಲ, ಬೆಳಕು ಒಳಸೇರುವ ಕಿಂಡಿ. ಒಳಗಿನ ಕತ್ತಲೆಯಿಂದ ಕಪ್ಪಾಗಿ ಕಾಣುತ್ತದೆ ಎಂದು ತಿಳಿಸಿದೆವು. ಕೈಯಲ್ಲಿ ಕನ್ನಡಿ ಕೊಟ್ಟು ಕಿಟಕಿಯ ಬಳಿ ನಿಲ್ಲಿಸಿದಾಗ ಆ ಕಿಂಡಿ ಕಿರಿದಾದುದನ್ನೂ, ಮಬ್ಬು ಮೂಲೆಗೆ ಸರಿದಾಗ ಹಿರಿದಾದುದನ್ನೂ ಮಕ್ಕಳೇ ಕಂಡರು. ಮುಂಬದಿಯ ಪಾರದರ್ಶಕ ಪಟಲಕ್ಕೂ ಪಾಪೆಯ ಹಿಂದಿನ ಮಸೂರಕ್ಕೂ ಬಣ್ಣವೇ ಬೇಡವೆಂದೆವು. ಅವು ತಿಳಿಯಾಗಿದ್ದರೆ ತಾನೆ ಬೆಳಕು ದಾಟೀತು? ಹಿರಿಯರ ಕಣ್ಣಿಗೆ ಬರುವ ಪೊರೆಯೆಂದರೆ ಈ ಮಸೂರವೇ ಮಬ್ಬಾಗುವುದು.

ಕೊನೆಗೆ, ಒಂದೊಂದೇ ಕಣ್ಣು ಮುಚ್ಚಿಕೊಂಡು ತಮ್ಮ ಚಿತ್ರವನ್ನು ನೋಡಿರೆಂದೆವು. ಆರು ವರ್ಷದ ಹುಡುಗಿಯೊಬ್ಬಳು, "ಅಜ್ಜಾರ, ಈ ಕಣ್ಣಿಗೆ ಗೆರಿ ಕಾಣವಲ್ದು" ಎಂದಳು. ಇನ್ನೊಂದು ಕಣ್ಣು ಚೆನ್ನಾಗಿದ್ದುದರಿಂದ ಮನೆಯವರಿಗಾಗಲಿ, ದಿನವೂ ಅವಳನ್ನು ಕಾಣುತ್ತಿದ್ದ ನಮಗಾಗಲಿ ಇದರ ಸುಳಿವಿರಲಿಲ್ಲ. ಎಲ್ಲರ ನೋಟವೂ ಹೀಗೆಯೇ ಎಂದು ಆ ಕೂಸು ತಿಳಿದಿತ್ತು! ಮರುದಿನವೇ ತಂದೆತಾಯಿಗಳು ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ದರು. ಒಂದು ಕಣ್ಣಿನ ಮಸುಕು ಬಿಂಬವನ್ನು ಮಿದುಳು ಕಡೆಗಣಿಸುತ್ತ ಹೋಗುವುದರಿಂದ ಬರುವ ಮಂದದೃಷ್ಟಿ ಅದು. ಏಳೆಂಟು ವರ್ಷದೊಳಗೆ ಚಿಕಿತ್ಸೆ ದೊರೆತರೆ ಫಲ ಹೆಚ್ಚು, ತಡವಾದಂತೆಲ್ಲ ಕಡಿಮೆ. ವೈದ್ಯರು ಕನ್ನಡಕ ಕೊಟ್ಟು, ದಿನಕ್ಕೆ ಕೆಲವು ಗಂಟೆ ಒಳ್ಳೆಯ ಕಣ್ಣಿಗೆ ಪಟ್ಟಿ ಹಚ್ಚಿ ದುರ್ಬಲ ಕಣ್ಣನ್ನು ದುಡಿಸುವಂತೆ ತಿಳಿಸಿದ್ದಾರೆ. ಈಗ ಪಟ್ಟಿ ಕಟ್ಟಿಕೊಂಡು ನಮ್ಮ ಪಡಸಾಲೆಯಲ್ಲಿಯೇ ಕುಳಿತು ಬಣ್ಣ ಹಚ್ಚುತ್ತಾಳೆ. ಗೆರೆಗಳು ಮೊದಲಿಗಿಂತ ಚೆನ್ನಾಗಿ ಕಾಣುತ್ತಿವೆಯಂತೆ.

ತಾಯಂದಿರೇ, ಬರುವ ರವಿವಾರ ನಿಮ್ಮ ಮಕ್ಕಳಿಗೂ ಕಣ್ಣಿನ ಚಿತ್ರ ಬರೆದುಕೊಡಿರಿ. ಬಣ್ಣ ತುಂಬಿದ ಮೇಲೆ ಒಂದೊಂದು ಕಣ್ಣನ್ನು ಅಂಗೈಯಿಂದ ಮುಚ್ಚಿಸಿ ಗೋಡೆಯ ಕ್ಯಾಲೆಂಡರಿನ ಅಂಕಿಗಳನ್ನು ಓದಿಸಿರಿ. ಎರಡು ಕಣ್ಣಿನ ನೋಟದಲ್ಲಿ ಅಂತರ ಕಂಡರೆ ವೈದ್ಯರಲ್ಲಿಗೆ ಹೋಗಲು ತಡಮಾಡಬೇಡಿರಿ. ಕಾಣದಿದ್ದರೂ ಶಾಲೆಗೆ ಸೇರಿಸುವ ಮುನ್ನ ಒಮ್ಮೆ ಪರೀಕ್ಷೆ ಮಾಡಿಸುವುದು ಲೇಸು. ತನಗೆ ಕಾಣದೆಂಬುದು ಮಗುವಿಗೆ ತಿಳಿಯದು; ಅದನ್ನು ಅರಿಯಬೇಕಾದವರು ಹಿರಿಯರಾದ ನಾವೇ.