ವಿಕಿಪೀಡಿಯ ತಿದ್ದೋರು ಕಾಣಲ್ಲ, ಕೇಸ್ ಮಾತ್ರ ಹುಡುಕಿಕೊಂಡು ಬರುತ್ತೆ

ತುಮಕೂರು: ವಿಕಿಪೀಡಿಯದಲ್ಲಿ ಗುಬ್ಬಿ, ಕುಣಿಗಲ್ ಪುಟಗಳನ್ನು ಯಾರು ಬೇಕಾದರೂ ತಿದ್ದಬಹುದು. ಸಂಬಳ ಇಲ್ಲ. ಕೆರೆ, ಜಾತ್ರೆ ಬಗ್ಗೆ ಬರೆದರೆ ಯಾರೂ ಕೇಳಲ್ಲ. ದರ್ಗಾ, ಚರ್ಚ್, ವಕ್ಫ್ ಜಾಗ ಅಂತ ಬಂದರೆ ಕಥೆಯೇ ಬೇರೆ.

2022ರಲ್ಲಿ ಪಾಕಿಸ್ತಾನದ ವಿರುದ್ಧ ಕ್ಯಾಚ್ ಬಿಟ್ಟ ಸಿಖ್ ಆಟಗಾರ ಅರ್ಶ್‌ದೀಪ್ ಸಿಂಗ್ ಪುಟಕ್ಕೆ ಯಾರೋ 'ಖಾಲಿಸ್ತಾನ' ಸೇರಿಸಿದರು. ಕೇಂದ್ರ ಸರ್ಕಾರ ವಿಕಿಪೀಡಿಯವನ್ನೇ ವಿವರಣೆ ಕೇಳಿತು. 2024ರಲ್ಲಿ ಎಎನ್‌ಐ ಸುದ್ದಿಸಂಸ್ಥೆಯ 2 ಕೋಟಿ ರೂ. ಮಾನನಷ್ಟ ದಾವೆಯಲ್ಲಿ ದೆಹಲಿ ಹೈಕೋರ್ಟ್ ಮೂವರು ಎಡಿಟರ್‌ಗಳ ವಿವರ ಕೊಡಿ ಎಂದಿತು. ಆಮೇಲೆ ಗುರುತು ಬಯಲು ಮಾಡದೆ ಸಮನ್ಸ್ ತಲುಪಿಸಲು ಒಪ್ಪಂದವಾಯಿತು. 2025ರ ಫೆಬ್ರವರಿಯಲ್ಲಿ ಸಂಭಾಜಿ ಮಹಾರಾಜರ ಪುಟದ ವಿಚಾರಕ್ಕೆ ಮಹಾರಾಷ್ಟ್ರ ಸೈಬರ್ ಪೊಲೀಸರು ಎಡಿಟರ್‌ಗಳ ಮೇಲೇ ಕೇಸ್ ಹಾಕಿದರು.

ಐಟಿ ಕಾಯ್ದೆಯ 79ನೇ ಕಲಂ ಕಾಪಾಡೋದು ವೆಬ್‌ಸೈಟನ್ನು, ಬರೆದವರನ್ನಲ್ಲ. ಧರ್ಮದ ಹೆಸರಲ್ಲಿ ದ್ವೇಷ ಹಬ್ಬಿಸಿದರೆ ಭಾರತೀಯ ನ್ಯಾಯ ಸಂಹಿತೆ 196, ಬೇಕಂತಲೇ ಧಾರ್ಮಿಕ ಭಾವನೆ ಕೆರಳಿಸಿದರೆ 299. ಎರಡಕ್ಕೂ 3 ವರ್ಷದವರೆಗೆ ಜೈಲು.

ಅಂಗಡಿಯವರೂ ಗಮನಿಸಬೇಕು. ಐಪಿ ವಿಳಾಸ ಹಿಡಿದು ಬರುವ ಪೊಲೀಸರು ಮೊದಲು ನಿಲ್ಲೋದು ಇಂಟರ್ನೆಟ್ ಕನೆಕ್ಷನ್ ಯಾರ ಹೆಸರಲ್ಲಿದೆಯೋ ಅವರ ಬಾಗಿಲಲ್ಲಿ. ವೈಫೈ ಪಾಸ್‌ವರ್ಡ್ ಕಂಡಕಂಡವರಿಗೆ ಕೊಡಬೇಡಿ. ಬರೆಯೋ ಹುಡುಗರು ಗೆಜೆಟಿಯರ್, ಪತ್ರಿಕೆಯ ಆಧಾರ ಇದ್ದರಷ್ಟೇ ಬರೆಯಲಿ. ಹೆದರಿ ಎಲ್ಲರೂ ಕೈಬಿಟ್ಟರೆ, ಊರಿನ ಅಲ್ಪಸಂಖ್ಯಾತರ ಬಗ್ಗೆ ಬರೆಯೋಕೆ ಉಳಿಯೋರು ಜಗಳ ಹಚ್ಚೋರು ಮಾತ್ರ.