ಎತ್ತಿಗೆ ಜ್ವರ, ಎಮ್ಮಿಗೆ ಬರಿ

ಪಂಚಮಿಗೆ ಇನ್ನ ಹನ್ನೊಂದು ದಿವಸ ಇತ್ತು, ನಮ್ಮ ಓಣಿ ಹೆಣ್ಮಕ್ಕಳ ಗುಂಪಿನ ವೆಬ್‌ಸೈಟು ನಿಂತುಬಿಟ್ಟಿತು. ಅದು ಉಂಡಿ ಆರ್ಡರು ತುಂಬಿ ಬರೋ ಕಾಲ. ಬೆಂಗಳೂರಾಗ, ಪುಣೆದಾಗ ಇರೋ ನಮ್ಮ ಮಂದಿ ರವಾ ಉಂಡಿ, ಶೇಂಗಾ ಉಂಡಿ, ಲಡಕಿ ಉಂಡಿ, ತಂಬಿಟ್ಟು ಎಲ್ಲಾ ಆ ಒಂದು ವಾರದಾಗೇ ಹೇಳೂದು. ಸೈಟು ತಗದ್ರ ಬಿಳಿ ಹಾಳಿ. ಅದರ ಮ್ಯಾಲೆ ಇಂಗ್ಲಿಷಿನಾಗ ಒಂದ ಸಾಲು, ಈ ಸೈಟಿನಾಗ ಗಂಭೀರ ದೋಷ ಆಗೇದ ಅಂತ. ಏನು ದೋಷ, ಯಾರ ದೋಷ, ಒಂದೂ ಇಲ್ಲ.

ಯಾರ ದೋಷ ಅಂತ ನಾವ ತೀರ್ಮಾನ ಮಾಡಿಬಿಟ್ವಿ. ಅವತ್ತ ಮುಂಜಾನೆ ಕಂಪ್ಯೂಟರ್ ಮುಂದ ಕೂತಾವರು ನಮ್ಮ ಬಾಜೂ ಮನಿ ಕಾಕು. ಕಾಕಾ ಹೋದ ಮ್ಯಾಲೆ ಒಂದು ವರ್ಷ ಹೊಸ್ತಲಾ ದಾಟಿ ಹೊರಗ ಬರದಾವರು, ಗುಂಪಿಗೆ ಬಂದ ಮ್ಯಾಲೆ ಒಂದೊಂದ ಬಳ್ಳಿಲೆ ಒತ್ತಿ ಒತ್ತಿ ಕನ್ನಡ ಟೈಪ್ ಮಾಡೂದು ಕಲತ್ರು. ಆರ್ಡರು ಬರಕೊಳ್ಳೂದು, ಯಾರಿಗೆ ಕಳಸೇದ ಯಾರಿಗೆ ಇಲ್ಲ ಅಂತ ಟಿಕ್ ಹಾಕೂದು, ಎಲ್ಲಾ ಅವರದ. ಅವತ್ತ ಅಪ್‌ಡೇಟ್ ಅಂತ ಒಂದು ಕೆಂಪು ಚುಕ್ಕಿ ಕಂಡಿತಂತ, ಒತ್ತಿದ್ರು. ಮಧ್ಯಾಹ್ನ ಸೈಟು ಬಿತ್ತು. ಸಂಜಿಕೆ ಅನ್ನೂದ್ರಾಗ ಇಡೀ ಓಣಿಗೆ ಸುದ್ದಿ, "ಕಾಕು ಏನೋ ಒತ್ತಿದ್ರಂತ."

ಬ್ಯಾರೇದಾವರನ್ನ ಯಾಕ ಅನ್ಲಿ, ನಾನೂ ಅಂದೆ. "ಕಾಕು, ಇನ್ನ ಸ್ವಲ್ಪ ದಿವಸ ನೀವು ಅದನ್ನ ಮುಟ್ಟಬ್ಯಾಡ್ರಿ" ಅಂತ. "ಆತವ್ವಾ" ಅಂದ್ರು, ಎದ್ದು ಚಾ ಕಪ್ಪು ತೊಳದಿಟ್ಟು ಮನಿಗೆ ಹ್ವಾದ್ರು. ಆ "ಆತವ್ವಾ" ಇನ್ನೂ ನನ್ನ ಕಿವ್ಯಾಗದ. ಅದಕ್ಕ ಇವತ್ತ ಇದನ್ನ ಬರೀಲಿಕ್ಕೆ ಕೂತೀನಿ.

ಸೈಟು ಮಾಡಿಕೊಟ್ಟಾಂವ ನಮ್ಮ ಅಕ್ಕನ ಮಗ. ಮೂರನೇ ದಿವಸ ರಾತ್ರಿ ಅಂವಗ ಪುರುಸೊತ್ತಾತು. ಸರ್ವರಿನ ಒಳಗ ಹೊಕ್ಕು ದೋಷದ ಪಟ್ಟಿ ನೋಡಿದ. ಹತ್ತು ನಿಮಿಷಕ್ಕ ಫೋನ್ ಬಂತು. "ಮೌಶಿ, ಇದು ಕಾಕು ಒತ್ತಿದ್ದಕ್ಕ ಆಗಿದ್ದಲ್ಲ. ಅವರು ಒತ್ತಿದ್ದು ಫೋಟೋದ ಪ್ಲಗಿನ್ನು. ಬಿದ್ದಿದ್ದು ಆರ್ಡರ್ ಪ್ಲಗಿನ್ನು. ಅದೂ ತಾನಾಗೇ ಬಿದ್ದಿಲ್ಲ, ಕೆಳಗಿನ ಪಿಎಚ್‌ಪಿ ಬದಲಾಗೇದ."

ಈ ಪಿಎಚ್‌ಪಿ ಅಂದ್ರ ಏನು ಅಂತ ನನಗೂ ಗೊತ್ತಿರಲಿಲ್ಲ. ಅಂವ ತಿಳಿಸಿ ಹೇಳಿದ್ದನ್ನ, ಆಮೇಲೆ ನಾ ಓದಿ ತಿಳಕೊಂಡಿದ್ದನ್ನ ನಿಮಗ ನಮ್ಮ ಅಡಿಗಿ ಮನಿ ಲೆಕ್ಕದಾಗ ಹೇಳ್ತೀನಿ. ವೆಬ್‌ಸೈಟಿನ ಪ್ಲಗಿನ್ನು ಅಂದ್ರ ಮಿಕ್ಸರ್ ಇದ್ಧಂಗ, ಒಂದೊಂದು ಕೆಲಸಕ್ಕ ಒಂದೊಂದು. ಮಿಕ್ಸರ್ ತಿರಗಬೇಕಂದ್ರ ಗ್ವಾಡಿ ಒಳಗ ವೈರು ಬೇಕಲ್ಲ, ಆ ವೈರಿಂಗ ಪಿಎಚ್‌ಪಿ. ಸರ್ವರಿನ ಮ್ಯಾಲೆ ನಡಿಯೋ ಒಂದು ಭಾಷಾ ಅದು. 1995ರಾಗ ರಾಸ್ಮಸ್ ಲೆರ್ಡಾರ್ಫ್ ಅನ್ನಾಂವ ತನ್ನ ಸ್ವಂತ ಪುಟಕ್ಕಂತ ಮಾಡಿಕೊಂಡ ಸಣ್ಣ ಸಾಮಾನುಗೋಳನ್ನ ಮಂದಿಗೆಲ್ಲಾ ಬಿಟ್ಟುಕೊಟ್ಟ. ಹೆಸರೂ ಹಂಗ ಇತ್ತು, ಪರ್ಸನಲ್ ಹೋಮ್ ಪೇಜ್ ಅಂತ. ಮನಿ ಮಟ್ಟಿಗೆ ಮಾಡಿದ ಹಿಂಡಿ ಪುಡಿ ಊರಿಗೆಲ್ಲಾ ರುಚಿ ಹತ್ತಿಧಂಗ ಆತು. ನಮ್ಮ ಸೈಟು ಇರೋ ವರ್ಡ್‌ಪ್ರೆಸ್ಸೂ ಅದರ ಮ್ಯಾಲೇ ನಿಂತದ.

ಇಲ್ಲೊಂದು ಮಾತು ಹೇಳ್ದ ಮುಂದ ಹೋಗಲಾರೆ. ಆಮೇಲೆ ಇಸ್ರೇಲಿನ ಇಬ್ಬರು ಹುಡುಗ್ರು, ಜೀವ್ ಸುರಸ್ಕಿ ಮತ್ತ ಆಂಡಿ ಗುಟ್‌ಮನ್ಸ್, ಇದನ್ನ ಹೊಸದಾಗಿ ಬರದ್ರು. ಎರಡು ಎರಡು ಚುಕ್ಕಿ ಜೋಡಿ ಬರಿಯೋ ಒಂದು ಚಿಹ್ನಿಗೆ ಒಳಗ ತಮ್ಮ ಹೀಬ್ರೂ ಭಾಷಾದಾಗೇ "ಪಾಮಾಯಿಮ್ ನೆಕುಡೋಟಾಯಿಮ್" ಅಂತ ಹೆಸರಿಟ್ರು. ಆ ಚಿಹ್ನೆ ತಪ್ಪಿದ್ರ ಜಗತ್ತಿನ ಇಂಜಿನಿಯರ್‌ಗೋಳ ಪರದೆ ಮ್ಯಾಲೆ ಆ ಮನಿ ಮಾತು ಬಂದು ಕೂಡ್ತಿತ್ತು. ನಮ್ಮ ಧಾರವಾಡ ಮಾತಿನಾಗ ಬರದ್ರ "ಇದೇನು ಭಾಷಾರೀ" ಅನ್ನೋ ನಮ್ಮ ಬೀಗತಿಗೆ ಇದನ್ನ ತೋರಸಬೇಕು.

ಇರ್ಲಿ, ನಮ್ಮ ಉಂಡಿಗೆ ಬರ್ತೀನಿ. ನಮ್ಮ ಆರ್ಡರ್ ಪ್ಲಗಿನ್ನು ಪ್ರತಿ ಬಿಲ್ಲಿಗೂ "ರಿಯಾಯಿತಿ ಕೂಪನ್ ಎಷ್ಟವ?" ಅಂತ ಎಣಸ್ತಿತ್ತು. ನಾವು ಕೂಪನ್ ಮಾಡೇ ಇಲ್ಲ. ಅಂದ್ರ ಡಬ್ಬಿ ಖಾಲಿ ಅಲ್ಲ, ಡಬ್ಬಿನೇ ಇಲ್ಲ. ಇಲ್ಲದ ಡಬ್ಬ್ಯಾಗ ಉಂಡಿ ಎಷ್ಟವ ಅಂತ ಕೇಳಿದ್ರ ಹಳೇ ಪಿಎಚ್‌ಪಿ "ಸೊನ್ನಿ" ಅಂತ ಅಂದು ಸುಮ್ನಿರ್ತಿತ್ತು. 2017ರಾಗ ಬಂದ 7.2ರಿಂದ "ಡಬ್ಬಿ ಎಲ್ಲದರೀ?" ಅಂತ ಒಳಗೊಳಗ ಗೊಣಗಲಿಕ್ಕೆ ಹತ್ತಿತು. ಆ ಗೊಣಗು ನಮ್ಮ ಸರ್ವರಿನ ಪಟ್ಟ್ಯಾಗ ದಿನಾ ಬೀಳ್ತಿತ್ತಂತ, ಯಾರೂ ನೋಡಿಲ್ಲ. 2020ರ ನವೆಂಬರಿನಾಗ ಬಂದ 8.0 ಮಾತ್ರ ಸೌಟು ಕೆಳಗ ಒಗದು ನಿಂತಬಿಡ್ತದ, ಮುಂದಿನ ಅಡಿಗಿ ಇಲ್ಲ. ನಮ್ಮ ಹೋಸ್ಟಿಂಗ್ ಕಂಪನಿಯವರು ಆ ಮಧ್ಯಾಹ್ನನೇ 7.4 ತಗದು 8ಕ್ಕ ಹಾಕಿದ್ರು. ಕಾಕು ಮುಂಜಾನೆ ಒತ್ತಿದ್ದಕ್ಕೂ ಇದಕ್ಕೂ ಸುತಾರಾಂ ಸಂಬಂಧ ಇಲ್ಲ.

ಹಂಗಂದ್ರ ತಪ್ಪು ಯಾರದು? ನನ್ನ ಕೇಳಿದ್ರ, ಮೊದಲ ತಪ್ಪು ಹಳೇ ಪಿಎಚ್‌ಪಿದು. ಇಲ್ಲದ್ದನ್ನ ಸೊನ್ನಿ ಅಂತ ಹೇಳಿ ಹೇಳಿ ಎಲ್ಲಾರಿಗೂ ಸಡಿಲ ಕಲಿಸಿತು. ಅದು ಕಲಿಸಿದ್ದನ್ನ ನಂಬಿ ಮಂದಿ ಪ್ಲಗಿನ್ನು ಬರದ್ರು. ಆಮೇಲೆ ಅದ ಶಿಸ್ತು ಹಿಡೀತು, ಛಲೋನೇ, ಆದ್ರ ಬಡತ ಬಿದ್ದಿದ್ದು ನಡುವಿನಾವರಿಗೆ. ಪ್ಲಗಿನ್ ಬರದಾಂವನ ಮ್ಯಾಲೆ ನನಗೇನು ಸಿಟ್ಟಿಲ್ಲ. ಪುಕ್ಕಟ ಕೊಟ್ಟಾನ, ನಾವು ಮೂರು ವರ್ಷ ವಾಪರಿಸಿ ಒಂದು ಸಾಲು ಛಲೋ ಅದ ಅಂತ ಸುದ್ಧಾ ಬರದಿಲ್ಲ. ಸಿಟ್ಟು ಇರೂದು ಹೋಸ್ಟಿಂಗಿನಾವರ ಮ್ಯಾಲೆ. ಹಳೇ 7.4ಕ್ಕ 2022ರ ನವೆಂಬರ್ 28ಕ್ಕ ರಿಪೇರಿ ಬಂದ್ ಆಗಿತ್ತು, ಅದನ್ನ ತಗೀಬೇಕಾಗಿತ್ತು, ಒಪ್ಪೇನಿ. ಆದ್ರ ಕೆಇಬಿಯವರು ಸುದ್ಧಾ ಕರೆಂಟ್ ತಗಿಯೂ ಮುಂಚೆ ಪೇಪರಿನಾಗ ಹಾಕ್ತಾರಲ್ಲ? ಇವರು ಒಂದು ಇಂಗ್ಲಿಷ್ ಮೇಲ್ ಕಳಸಿದ್ರಂತ, ನಮ್ಮ ಹುಡುಗನ ಕಾಲೇಜಿನ ಹಳೇ ವಿಳಾಸಕ್ಕ. ಅಂವ ಅದನ್ನ ತಗದು ನೋಡೂದು ಬಿಟ್ಟು ಯಾವ ಕಾಲ ಆಗಿತ್ತೋ. ಅದರಾಗ ಅರ್ಧ ತಪ್ಪು ನಮ್ಮದ, ವಿಳಾಸ ಬದಲಿ ಮಾಡಿಸಲಿಲ್ಲ.

ಇನ್ನೊಂದು ತ್ರಾಸು ನೀವೂ ನೋಡಿರ್ತೀರಿ. ಬಿಲ್ಲಿನಾಗ "ರವಾ ಉಂಡಿ" ಅಂತ ಬರೂ ಬದಲಿ "ರವಾ ಉಂಡ" ಅಂತ ಬಂದು ಮುಂದ ಕರೇ ಚೌಕಟ್ಟಿನಾಗ ಪ್ರಶ್ನೆ ಚಿಹ್ನೆ ಬರ್ತಿತ್ತು. ರವಾ ಅನ್ನಾಂವ ಉಂಡನೋ ಇಲ್ಲೋ ಅಂತ ನಾವೆಲ್ಲಾ ನಕ್ಕಿದ್ದ ನಕ್ಕಿದ್ದು. ಅದಕ್ಕೂ ಕಾಕು ಟೈಪಿಂಗ್ ಕಾರಣ ಅಂದಿದ್ವಿ. ಖರೇ ಕಾರಣ ಏನಪಾ ಅಂದ್ರ, ಪಿಎಚ್‌ಪಿದು ಮೊದಲಿನ ಎಣಿಕಿ ಸಾಮಾನುಗೋಳು ಅಕ್ಷರ ಎಣಸೂದಿಲ್ಲ, ಬೈಟ್ ಎಣಸ್ತಾವ. ಇಂಗ್ಲಿಷಿನ ಒಂದಕ್ಷರಕ್ಕ ಒಂದು ಬೈಟು. ನಮ್ಮ ಕನ್ನಡದ್ದು ಅಕ್ಷರ, ಸೊನ್ನಿ, ಗುಡಸು ಒಂದೊಂದಕ್ಕೂ ಮೂರು. "ಉಂಡಿ" ನಮ್ಮ ಕಣ್ಣಿಗೆ ಎರಡಕ್ಷರ, ಅದರ ಲೆಕ್ಕಕ್ಕ 12. "ರವಾ ಉಂಡಿ" ನಡುವಿನ ಜಾಗಾ ಹಿಡದು 22. ಪ್ಲಗಿನ್ ಬರದಾಂವ ಹೆಸರು 20ಕ್ಕ ಕತ್ತರಸು ಅಂತ ಹಾಕ್ಯಾನ. ಇಂಗ್ಲಿಷಿನಾವರಿಗೆ 20 ಅಂದ್ರ ಭಾಳಾತು. ನಮ್ಮದು ಡಿ ಅಕ್ಷರದ ಗುಡಸಿನ ನಟ್ಟನಡುವ ಕತ್ತರಿ ಬಿತ್ತು, ಉಳದ ಚೂರು ಓದಲಿಕ್ಕೆ ಬರದ ಪ್ರಶ್ನೆ ಚಿಹ್ನೆ ಬಂತು.

ಅಕ್ಷರ ಎಣಸೋ ಬ್ಯಾರೆ ಸಾಮಾನು ಪಿಎಚ್‌ಪಿದಾಗ ಅವ, ನೆನಪಿಟ್ಟು ಅವನ್ನ ಹಚ್ಚಬೇಕು. ಎಲ್ಲಾ ಭಾಷಾದ ಅಕ್ಷರ ಬುಡದಿಂದಲೇ ತಿಳಿಯೂ ಹಂಗ ಪಿಎಚ್‌ಪಿ 6 ಮಾಡ್ತೀವಿ ಅಂತ ಹೊಂಟಿದ್ರು. ವರ್ಷಗಟ್ಲೆ ದುಡದು 2010ರಾಗ ಕೈಬಿಟ್ರು. 2015ರ ಡಿಸೆಂಬರಿನಾಗ 5ರ ಮುಂದ ನೇರ 7 ಬಂತು, 6 ಬರಲೇ ಇಲ್ಲ. ಬಲ್ಲಾವರು ಇದನ್ನ ದೋಷ ಅನ್ನೂದಿಲ್ಲ, ಕೈಪಿಡಿಯೊಳಗ ಬರದದ, ಹಂಗಾಗಿ ಇದು ನಿಯಮ ಅಂತಾರ. ನಾ ದೋಷ ಅಂತೀನಿ. ಹಿತ್ತಲ ಬಾಗಲಾ ಅಗದೀ ಗಿಡ್ಡ ಇಟ್ಟು, ಮನಿ ನಕ್ಷಾದಾಗ ತೋರ್ಸೇವಿ ಅಂದ್ರ ಹಣಿ ಬಡಕೊಂಡಾಕಿಗೆ ನೋವು ಕಡಿಮಿ ಆಗ್ತದೇನು?

ಇನ್ನ ಭಾಷಾದಾಗೇ ನೇರ ತಪ್ಪು ಆಗಿದ್ದೂ ಅವ. 2011ರ ಜನವರಿಯೊಳಗ ಒಂದು ಸಂಖ್ಯಾದ ಸುದ್ದಿ ಹಬ್ಬಿತು. ಸೊನ್ನಿ, ಚುಕ್ಕಿ, ಆಮೇಲೆ 307 ಸೊನ್ನಿ, ಅದರ ಮುಂದ 22250738585072011. 32 ಬಿಟ್‌ನ ಕೆಲವು ಪಿಎಚ್‌ಪಿಗೆ ಇದೊಂದು ಸಂಖ್ಯಾ ಕೊಟ್ರ ಸಾಕು, ಗಿರಗಿಟ್ಲಿ ಹಂಗ ಅಲ್ಲೇ ತಿರಗಿಕೋತ ಕೂಡ್ತಿತ್ತು. ಯಾವ ಪ್ಲಗಿನ್ನು ಎಷ್ಟ ಛಲೋ ಬರದಿದ್ರೂ ಅಷ್ಟೇ. ಅದೇ ತಿಂಗಳ 6ಕ್ಕ ರಿಪೇರಿ ಬಿಟ್ರು.

ಅದೇ ವರ್ಷ ಆಗಸ್ಟ್ 18ಕ್ಕ 5.3.7 ಅಂತ ಒಂದು ಬಂತು, ಅದರ ಕತಿ ಇನ್ನೂ ಮಜಾ ಅದ. ಪಾಸ್‌ವರ್ಡನ್ನ ಯಾರಿಗೂ ತಿಳೀದಂಗ ಅರದು ಇಡೋ ಒಂದು ಸಾಮಾನು ಅದ. ಅರಿಯೋ ಮುಂದ ಒಂದು ಚಿಟಿಕಿ ಬ್ಯಾರೆ ಅಕ್ಷರ ಕೂಡಸ್ತಾರ, ಅದಕ್ಕ ಅವರು "ಉಪ್ಪು" ಅಂತನೇ ಹೆಸರಿಟ್ಟಾರ. ಆ ಕೆಲಸದ ಒಂದು ಸಾಲನ್ನ ಇನ್ನಷ್ಟು ಸುರಕ್ಷಿತ ಮಾಡ್ಲಿಕ್ಕೆ ಹೋಗಿ ಒಂದು ಅಳತಿ ತಪ್ಪು ಹಾಕಿದ್ರು. ಎಂಡಿ5 ಅನ್ನೋ ವಿಧಾನದಾಗ ಅರದಿದ್ದು ಬರೂ ಬದಲಿ ಬರೇ ಉಪ್ಪ ಬಂತು. ಹಳೇ ಮಂದಿ ತಮ್ಮದೇ ಖರೇ ಪಾಸ್‌ವರ್ಡ್ ಹೊಡದ್ರೂ ಬಾಗಲಾ ತಗೀಲಿಲ್ಲ. ಆ ದಿವಸದಾಗ ಹೊಸಾ ಪಾಸ್‌ವರ್ಡ್ ಇಟ್ಟಾವರ ಬಾಗಲಾ ಯಾರು ಏನು ಹೊಡದ್ರೂ ತಗೀತಿತ್ತು. ಹಿಂತಾದ್ದನ್ನ ಹಿಡಿಯೋ ಪರೀಕ್ಷಾ ಅವರ ಹತ್ರ ಇತ್ತು, ಆದ್ರ ಬ್ಯಾರೆ ಎಷ್ಟೋ ಪರೀಕ್ಷಾ ದಿನಾ ಫೇಲ್ ಆಗ್ತಿದ್ದಕ್ಕ ಇದೊಂದರ ಕೂಗು ಯಾರಿಗೂ ಕೇಳಿಲ್ಲ. 22ಕ್ಕ "ಯಾರೂ ಇದನ್ನ ಹಾಕಬ್ಯಾಡ್ರಿ, ತಡೀರಿ" ಅಂತ ತಾವೇ ಹೇಳಿದ್ರು, 23ಕ್ಕ 5.3.8 ಬಿಟ್ರು.

ಇದನ್ನ ಓದಿದಾಗ ನನಗ ಅವರ ಮ್ಯಾಲೆ ಸಿಟ್ಟು ಬರಲಿಲ್ಲ, ನಮ್ಮ ಮ್ಯಾಲೆ ನಾಚಿಕಿ ಬಂತು. ಭಾಷಾ ಮಾಡಿದಾವರು ತಮ್ಮ ತಪ್ಪು ಇಂಥಾ ಸಾಲಿನಾಗ ಅದ ಅಂತ ಜಗತ್ತಿಗೆ ತೋರಸ್ಯಾರ. ನಾವು ಪಟ್ಟಿ ತಗದು ನೋಡದ ಒಬ್ಬ ಹೆಣ್ಮಗಳ ಬಳ್ಳಿಗೆ ತಪ್ಪು ಹಚ್ಚಿದ್ವಿ. ಅಕಿ ಜಾಗಾದಾಗ ನಮ್ಮ ಅಕ್ಕನ ಮಗ ಒತ್ತಿದ್ದಿದ್ರ? "ಸರ್ವರ್ ಹೋಗಿರಬೇಕು" ಅಂತಿದ್ವಿ. ನನಗ ಗೊತ್ತದ, ನಾನೂ ಹಂಗ ಅಂತಿದ್ದೆ.

ಇದೆಲ್ಲಾ ಆದ ಮ್ಯಾಲೆ ಗುಂಪಿನಾಗ ಇನ್ನೊಂದು ಮಾತು ಹುಟ್ಟೇದ, ಇನ್ನ ಮ್ಯಾಲೆ ಅಪ್‌ಡೇಟ್ ಒತ್ತೂದೇ ಬ್ಯಾಡ ಅಂತ. ಇದು ನನಗ ಒಟ್ಟ ಸೇರೂದಿಲ್ಲ. ಮ್ಯಾಲೆ ಹೇಳಿದ ಎರಡೂ ರಿಪೇರಿ ಅಪ್‌ಡೇಟಾಗೇ ಬಂದಿದ್ದು. ನಮ್ಮ ಪ್ಲಗಿನ್ನು ಬಿದ್ದಿದ್ದೂ ಅಪ್‌ಡೇಟ್ ಆಗಿದ್ದಕ್ಕಲ್ಲ, ವರ್ಷಗಟ್ಲೆ ಅದು ಅಪ್‌ಡೇಟ್ ಆಗದ್ದಕ್ಕ. ವರ್ಡ್‌ಪ್ರೆಸ್ಸಿನಾಗ ಟೂಲ್ಸ್ ಒಳಗ ಸೈಟ್ ಹೆಲ್ತ್ ಅಂತ ಅದ, ಅಲ್ಲೆ ಪಿಎಚ್‌ಪಿ ಎಷ್ಟನೇದು ಅಂತ ಕಾಣ್ತದ. ಪ್ಲಗಿನ್ ಪುಟದಾಗ ಕಡೀಗೆ ಯಾವಾಗ ತಿದ್ದ್ಯಾರ ಅಂತ ಬರದಿರ್ತದ, ಭಾಳ ದಿವಸ ಆಗಿದ್ರ ಬ್ಯಾರೇದು ಹುಡಕ್ರಿ. ಒತ್ತೂ ಮುಂಚೆ ಬ್ಯಾಕಪ್ ತಕ್ಕೊಳ್ರಿ. ಹಬ್ಬದ ವಾರದಾಗ ಮಾತ್ರ ಕೈ ಕಟಗೊಂಡು ಕೂಡ್ರಿ, ಉಂಡಿ ಹೋದ ಮ್ಯಾಲೆ ನೋಡಿಕೊಂಡ್ರಾತು.

ಹೊಸಾ ಆರ್ಡರ್ ಪ್ಲಗಿನ್ನು ಈಗ ನಡದದ. "ರವಾ ಉಂಡಿ" ಗುಡಸಿನ ಸಮೇತ ಬರ್ತದ. ಆ ಮೂರು ದಿವಸದಾಗ ಎಷ್ಟು ಆರ್ಡರು ಹ್ವಾದ್ವು ಅಂತ ಲೆಕ್ಕ ಸಿಗೂದಿಲ್ಲ, ಬಿಳಿ ಹಾಳಿ ನೋಡಿ ಹೊಳ್ಳಿ ಹೋದಾವರು ಹೆಸರು ಬರದಿಟ್ಟು ಹೋಗ್ತಾರೇನು. ಕಾಕು ಗುಂಪಿಗೆ ಬರ್ತಾರ, ಬೆಲ್ಲದ ಪಾಕ ಅವರ ಕೈಯಾಗಿಂದ ಬಿಟ್ಟು ಬ್ಯಾರೆ ಯಾರದೂ ಸರಿ ಬರೂದಿಲ್ಲ. ಆದ್ರ ಕಂಪ್ಯೂಟರ್ ಇರೋ ಖೋಲ್ಯಾಗ ಕಾಲ ಇಡೂದಿಲ್ಲ. ನಾ ಹೋಗಿ ಹೇಳಿ ಬಂದೆ, ತಪ್ಪಾತು ಕಾಕು ಅಂತ. "ಏ, ಅದಕ್ಕೇನು ಬಿಡವಾ" ಅಂದ್ರು, ಮತ್ತ ಮಾತು ಬ್ಯಾರೆ ಕಡೆ ತಿರಗಿಸಿದ್ರು.

ಕಾಕು, ಇದನ್ನ ಸೊಸಿ ಮೊಬೈಲಿನಾಗ ನೀವು ಓದ್ತೀರಿ ಅಂತ ಗೊತ್ತದ. ನಿಮ್ಮ ಹೆಸರಿನ ಲಾಗಿನ್ನು ನಾ ತಗದಿಲ್ಲ, ಪಾಸ್‌ವರ್ಡೂ ಅದ ಅದ. ದೀಪಾವಳಿ ಆರ್ಡರು ಬರ್ಲಿಕ್ಕೆ ಹತ್ಯಾವ, ಚಕ್ಕುಲಿದು ಮೂರು ಹಂಗ ಬಿದ್ದಾವ, ಟಿಕ್ ಹಾಕಿಲ್ಲ.