ಬಿಡಿಭಾಗ ಕೊಡದ ಬೆಲೆ
ಪ್ಲೇಸ್ಟೇಷನ್ 5 ಗೇಮ್ ಕನ್ಸೋಲಿನ ಡ್ಯುಯಲ್‌ಸೆನ್ಸ್ ಕಂಟ್ರೋಲರ್ 2021ರಲ್ಲಿ ಭಾರತಕ್ಕೆ ಬಂದಾಗ ಬೆಲೆ 5,990 ರೂಪಾಯಿ. ಕೈಗೆ ಹಿತವಾಗಿ ಕೂರುವ, ಬೆರಳಿಗೆ ಬಿಗಿಯಾಗುವ ಟ್ರಿಗರ್ ಇರುವ ಒಳ್ಳೆಯ ಯಂತ್ರ, ನಿಜ. ಆದರೆ ಹೆಬ್ಬೆರಳಿನಡಿಯ ಸ್ಟಿಕ್ಕಿನೊಳಗೆ ಅದರ ಚಲನೆ ಅಳೆಯುವ, ಉಜ್ಜಿ ಉಜ್ಜಿ ಸವೆಯುವ ಪುಟ್ಟ ಪೊಟೆನ್ಷಿಯೋಮೀಟರ್ ಇದೆ. ಅದು ಸವೆದರೆ ಮುಟ್ಟದಿದ್ದರೂ ತೆರೆಯ ಮೇಲಿನ ಆಟಗಾರ ತಾನೇ ನಡೆಯತೊಡಗುತ್ತಾನೆ. ಉಜ್ಜಾಟವೇ ಇಲ್ಲದ ಅಯಸ್ಕಾಂತದ ಸೆನ್ಸರನ್ನು ಸೆಗಾ ಕಂಪನಿ 1998ರ ತನ್ನ ಡ್ರೀಮ್‌ಕಾಸ್ಟ್ ಕನ್ಸೋಲಿನಲ್ಲೇ ಬಳಸಿತ್ತು. ಹೋಗಲಿ, ಸವೆದ ಭಾಗವನ್ನು ಬದಲಿಸುವಂತಾದರೂ ಇರಬೇಕಿತ್ತು. ಮಹೀಂದ್ರಾ ಟ್ರ್ಯಾಕ್ಟರ್ ತಯಾರಾಗುವ ಜಹೀರಾಬಾದಿನಲ್ಲಿ ಬೇರಿಂಗ್ ಹೋಯಿತೆಂದು ಯಾರೂ ಹೊಸ ಟ್ರ್ಯಾಕ್ಟರ್ ಕೊಳ್ಳುವುದಿಲ್ಲ. ಬಿಡಿಭಾಗ ತಂದು ಹಾಕಿಸುತ್ತಾರೆ. ಆದರೆ ಈ ಕಂಟ್ರೋಲರಿನಲ್ಲಿ ಸ್ಟಿಕ್ಕನ್ನು ಬೆಸೆದೇ ಕೂರಿಸಿದ್ದಾರೆ. ಕಳಚಿ ಬದಲಿಸುವ ಸ್ಟಿಕ್ ಬೇಕೆಂದರೆ ಸುಮಾರು ಮೂರು ಪಟ್ಟು ಬೆಲೆಯ ಡ್ಯುಯಲ್‌ಸೆನ್ಸ್ ಎಡ್ಜ್ ಕೊಳ್ಳಬೇಕು. ದುರಸ್ತಿಯ ಅನುಕೂಲ ಸಿರಿವಂತರ ಸೊತ್ತಾಗಬಾರದು. ಆ ಸೌಲಭ್ಯ ಸಾಮಾನ್ಯ ಕಂಟ್ರೋಲರಿಗೂ ಬರುವವರೆಗೆ ಅದರ ಬೆಲೆ ನ್ಯಾಯದ್ದಲ್ಲ.